ಎಣ್ಣೆ ಕಳೆಯುವ ಮಾತ್ರೆ, ಅನ್ನದ ಋಣ

ಹೊಟ್ಟೆಯ ವಿಚಾರದಲ್ಲಿ ನಮ್ಮ ಹಿರಿಯರು ಆಡಿಟ್ಟ ಮಾತುಗಳಿಗೆ ಲೆಕ್ಕವಿಲ್ಲ. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ ಎಂಬ ಗಾದೆಯನ್ನು ಕೇಳದವರು ಯಾರಿದ್ದಾರೆ? ಗಾದೆಯೇನೋ ಸೊಗಸಾಗಿದೆ. ಆದರೆ ಅದರಲ್ಲಿ ಉಣ್ಣುವವನಿದ್ದಾನೆಯೇ ಹೊರತು ಬಡಿಸುವವಳಿಲ್ಲ. ನಾಲ್ಕು ಹೊತ್ತೂ ಒಲೆಯ ಮುಂದೆ ನಿಂತು, ಉಪ್ಪು ನೋಡಿ, ಹುಳಿ ನೋಡಿ, ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಉಣ್ಣುವವಳು ಯೋಗಿಯೋ, ಭೋಗಿಯೋ, ರೋಗಿಯೋ? ಗಾದೆ ಕಟ್ಟಿದವರು ಅದನ್ನು ಹೇಳಿಲ್ಲ. ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಮಾತ್ರೆಯ ದೆಸೆಯಿಂದ.

ಮಾತ್ರೆಯ ಹೆಸರು ಆರ್ಲಿಸ್ಟಾಟ್. ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಪಡೆದ ಔಷಧಿ ಇದು; ನಮ್ಮ ದೇಶದಲ್ಲಿ ವೈದ್ಯರ ಚೀಟಿಯ ಮೇಲೆ ಕೊಡಬೇಕಾದದ್ದು. ಇದರ ಮೂಲ ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣು ಎಂದರೆ ಆಶ್ಚರ್ಯವಾದೀತು. ನಾವು ತಿಂದ ಎಣ್ಣೆ, ತುಪ್ಪ, ಬೆಣ್ಣೆ ಇದ್ದಹಾಗೇ ಮೈಗೆ ಸೇರುವುದಿಲ್ಲ. ಕರುಳಿನಲ್ಲಿ ಲೈಪೇಸ್ ಎಂಬ ಜೀರ್ಣರಸ ಕತ್ತರಿಯಂತೆ ಆ ಜಿಡ್ಡನ್ನು ಸಣ್ಣ ಸಣ್ಣ ಚೂರುಗಳಾಗಿ ತುಂಡರಿಸಬೇಕು. ಈ ಮಾತ್ರೆ ಆ ಕತ್ತರಿಯ ಬಾಯನ್ನು ಕಟ್ಟಿಹಾಕುತ್ತದೆ. ಮೂರು ಹೊತ್ತು ಊಟದ ಜೊತೆಗೆ 120 ಮಿಲಿಗ್ರಾಂನಂತೆ ತೆಗೆದುಕೊಂಡರೆ, ತಿಂದ ಜಿಡ್ಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ಮೂರು ಚಮಚ ಎಣ್ಣೆ ತಿಂದರೆ ಒಂದು ಚಮಚ ಪಾಯಿಖಾನೆಗೆ. ಇದೇ ಅದರ ಮಹಿಮೆ.

ಐವತ್ತು ದಾಟಿದ ನನಗೆ ಇದನ್ನು ಬರೆದುಕೊಟ್ಟವರು ತುಮಕೂರಿನ ವೈದ್ಯರೊಬ್ಬರು. ಐದಡಿ ಒಂದಂಗುಲದ ಮೈಮೇಲೆ 82 ಕೆ.ಜಿ. ತೂಕ, ಮೆಟ್ಟಿಲು ಹತ್ತಿದರೆ ನರಳುವ ಮಂಡಿ, ಗಡಿಯ ಮೇಲೆ ಬಂದು ನಿಂತ ಸಕ್ಕರೆ. ನನ್ನ ತಾಯಿ ಸಕ್ಕರೆ ಕಾಯಿಲೆಯಲ್ಲೇ ಕಣ್ಣು ಕಳೆದುಕೊಂಡವಳು. ನಮ್ಮ ದೇಶದವರಿಗೆ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಬರುವುದರಿಂದ, ಇಲ್ಲಿನ ವೈದ್ಯರು ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೇ ಎಚ್ಚರಿಸುತ್ತಾರೆ. ನನ್ನದು ಎಂದೋ ದಾಟಿತ್ತು. ಊಟದ ಪಥ್ಯ, ಸಂಜೆಯ ನಡಿಗೆ, ಜೊತೆಗೆ ಈ ಮಾತ್ರೆ. ಹನ್ನೆರಡು ವಾರದಲ್ಲಿ ತೂಕದ ನೂರಕ್ಕೆ ಐದು ಭಾಗವಾದರೂ ಇಳಿಯದಿದ್ದರೆ ಮಾತ್ರೆ ನಿಲ್ಲಿಸಿಬಿಡೋಣ ಎಂದರು. ಲೆಕ್ಕ ಸರಳವಾಗಿತ್ತು. ಸರಳವಾಗಿಲ್ಲದ್ದು ಮನೆಯಲ್ಲಿ ಎದ್ದ ಪ್ರಶ್ನೆ.

ನಮ್ಮ ಅತ್ತೆಯವರು ಪಾವಗಡದ ಕಡೆಯವರು, ಎಂಬತ್ತು ದಾಟಿದವರು. ಮಾತ್ರೆಯ ಗುಣ ಕೇಳಿದವರೇ, “ಏನಮ್ಮಾ, ಉಂಡಿದ್ದು ಮೈಗೆ ಹತ್ತಬಾರ್ದು ಅಂತ ಮಾತ್ರೆ ನುಂಗ್ತಾರಾ? ಹತ್ತಲಿ ಅಂತ ಹರಕೆ ಹೊತ್ತ ಕಾಲ ನೋಡಿದೀವಿ ನಾವು” ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅರವತ್ತರ ದಶಕದ ಬರದಲ್ಲಿ ಮಕ್ಕಳಿಗೆ ಗಂಜಿ ಹಂಚಿದ ಕೈ ಅದು. ನಮ್ಮ ಸೀಮೆಯ ಚರಿತ್ರೆಯೇ ಬರದ ಚರಿತ್ರೆ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಇಲ್ಲವಾದರು. ಮಧುಗಿರಿ, ಶಿರಾ, ಪಾವಗಡಗಳ ಹೊಲದಲ್ಲಿ ಕಡಲೆಕಾಯಿ ಬಿತ್ತಿದವರು ಇಂದಿಗೂ ಮುಗಿಲು ನೋಡುವುದು ತಪ್ಪಿಲ್ಲ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಆ ಎಣ್ಣೆಯನ್ನು ಬಾಯಲ್ಲಿ ಹಾಕಿಕೊಂಡು, ಮೈಗೆ ಸೇರದಂತೆ ಹೊರಗೆ ಕಳಿಸುವುದು ಅನ್ನಕ್ಕೆ ಬಗೆವ ದ್ರೋಹವಲ್ಲವೇ?

ಈ ಪ್ರಶ್ನೆ ನನ್ನನ್ನು ಶಾಲೆಯಲ್ಲಿಯೂ ಬಿಡಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ವರ್ಗವಾಗಿ ವರ್ಗವಾಗಿ ನಾಲ್ಕೂ ಕಡೆ ಪಾಠ ಹೇಳಿದವಳು ನಾನು. 2013ರಲ್ಲಿ ಕ್ಷೀರಭಾಗ್ಯ ಶುರುವಾದಂದಿನಿಂದ ಎಷ್ಟು ಸಾವಿರ ಲೋಟ ಹಾಲು ಹಂಚಿದ್ದೇನೋ. ತೋಳು ಕಡ್ಡಿಯಂತಿರುವ ಹುಡುಗಿಗೆ ಮೊಟ್ಟೆ ಕೊಟ್ಟು “ತಿನ್ನೇ, ಮೈ ಹತ್ತಲಿ” ಎನ್ನುವ ನಾನೇ ಸ್ಟಾಫ್ ರೂಮಿಗೆ ಬಂದು ಬುತ್ತಿ ಬಿಚ್ಚಿ ಮೈ ಹತ್ತದಿರುವ ಮಾತ್ರೆ ನುಂಗುತ್ತಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಕರ್ನಾಟಕದ ಹೆಂಗಸರ ಲೆಕ್ಕವಿದೆ. ನೂರಕ್ಕೆ 17 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗೆ, ನೂರಕ್ಕೆ 30 ಮಂದಿ ಇರಬೇಕಾದ್ದಕ್ಕಿಂತ ದಪ್ಪಗೆ. ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಈ ಇಬ್ಬರೂ ಇದ್ದಾರೆ.

ಹಾಗಾದರೆ ಅತ್ತೆಯವರ ಮಾತೇ ಸರಿಯೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಮನೆಗಳಲ್ಲಿ ಅನ್ನ ಹಾಳಾಗಬಾರದೆಂಬ ವ್ರತವನ್ನು ಪಾಲಿಸುವವರು ಯಾರು? ಹೆಂಗಸರು. ಹೇಗೆ ಪಾಲಿಸುತ್ತಾರೆ? ಮಗ ಬಿಟ್ಟ ಅರ್ಧ ದೋಸೆ, ಹಬ್ಬದ ಮರುದಿನದ ಒಬ್ಬಟ್ಟು, ರಾತ್ರಿಯ ಪಾತ್ರೆಯಲ್ಲಿ ಉಳಿದ ಎರಡು ಸೌಟು ಚಿತ್ರಾನ್ನ, ಎಲ್ಲವೂ ಹಸಿವಿದ್ದರೂ ಇಲ್ಲದಿದ್ದರೂ ಅವಳ ಹೊಟ್ಟೆಗೆ. ತಿಪ್ಪೆಗೆ ಹೋಗಬೇಕಾದ್ದು ಹೊಟ್ಟೆಗೆ ಹೋಯಿತೆಂದರೆ ಅನ್ನ ಉಳಿಯಿತೆಂದು ನಂಬಿದ್ದೇವೆ. ಬೇಡದ ಮೈಯೊಳಗೆ ತುರುಕಿದ ತುತ್ತು ಯಾವ ಹಸಿದ ಮಗುವಿನ ತಟ್ಟೆಗೂ ಹೋಗಲಿಲ್ಲ. ಅದು ಮಂಡಿಯ ಮೇಲೆ ಭಾರವಾಗಿ, ರಕ್ತದಲ್ಲಿ ಸಕ್ಕರೆಯಾಗಿ ಕೂತಿತು. ವ್ಯರ್ಥ ಎನ್ನುವುದಾದರೆ ಅದೂ ವ್ಯರ್ಥವೇ.

ಆದರೂ ಅತ್ತೆಯವರ ಮಾತಿನಲ್ಲಿ ಒಂದು ಸತ್ಯವಿತ್ತು. ಹೊರಗೆ ಹಾಕುವ ಎಣ್ಣೆಯನ್ನು ಒಳಗೆ ಹಾಕುವುದೇಕೆ? ವೈದ್ಯರು ಕೇಳಿದ್ದೂ ಅದನ್ನೇ. “ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ?” ಐದು ಎಂದೆ. “ತಲೆಗೆ ಅರ್ಧ ಲೀಟರಿನಂತೆ ಎರಡಕ್ಕೆ ತನ್ನಿ” ಎಂದರು. ಬಾಣಲೆಗೇ ಬೀಳದ ಎಣ್ಣೆಯನ್ನು ಕಳೆಯಲು ಯಾವ ಮಾತ್ರೆಯೂ ಬೇಡ, ಯಾವ ಪಾಪವೂ ತಟ್ಟುವುದಿಲ್ಲ. ಊಟದಲ್ಲಿ ಜಿಡ್ಡಿಲ್ಲದಿದ್ದರೆ ಆ ಹೊತ್ತಿನ ಮಾತ್ರೆ ಬಿಡಬೇಕೆಂದೇ ಔಷಧಿಯ ನಿಯಮ. ಇನ್ನೊಂದು ಸಂಗತಿಯನ್ನು ನಮ್ಮ ಸೀಮೆಯವರು ತಿಳಿದಿರಬೇಕು. ಈ ಮಾತ್ರೆಗೆ ಜಿಡ್ಡಿನ ಮೇಲಷ್ಟೇ ಅಧಿಕಾರ; ಮುದ್ದೆ, ಅನ್ನ, ಕಾಫಿಯ ಸಕ್ಕರೆಯನ್ನು ಅದು ಮುಟ್ಟುವುದಿಲ್ಲ. ದಿನಕ್ಕೆ ಅರವತ್ತು ಗ್ರಾಂ ಜಿಡ್ಡು ತಿನ್ನುವವರಿಗೆ ಅದು ಕಳೆಯುವುದು ಇಪ್ಪತ್ತು ಗ್ರಾಂ, ಅಂದರೆ ನೂರ ಎಂಬತ್ತು ಕ್ಯಾಲರಿ. ಹೆಚ್ಚೆಂದರೆ ಒಂದು ಸಣ್ಣ ಮುದ್ದೆಯಷ್ಟು. ಮಾತ್ರೆ ನುಂಗಿದೆನೆಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರೆ ಲೆಕ್ಕ ಅಲ್ಲಿಗೆ ಸೊನ್ನೆ.

ಎರಡನೆಯ ಆಕ್ಷೇಪ ಸ್ಟಾಫ್ ರೂಮಿನಲ್ಲಿ ಬಂತು. “ಇದು ಕಾಪಿ ಹೊಡೆದು ಪಾಸಾದ ಹಾಗಲ್ಲವೇ ಮೇಡಂ? ಬಾಯಿ ಕಟ್ಟಿ ಇಳಿಸಿದರೆ ಅದು ಇಳಿಸಿದ್ದು” ಎಂದರು ಸಹೋದ್ಯೋಗಿಯೊಬ್ಬರು. ಹೇಳಿದವರು ಹನ್ನೆರಡು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿರುವವರು! ಅವರ ಬಿ.ಪಿ. ಇಳಿದದ್ದನ್ನು ಯಾರೂ ಕಾಪಿ ಎನ್ನಲಿಲ್ಲ. ನನ್ನ ಕನ್ನಡಕವನ್ನು ಕಂಡು ‘ಸ್ವಂತ ಶಕ್ತಿಯಿಂದ ಓದಿ’ ಎಂದವರಿಲ್ಲ. ತೂಕದ ವಿಷಯದಲ್ಲಿ ಮಾತ್ರ, ಅದರಲ್ಲೂ ಹೆಂಗಸಿನ ತೂಕದ ವಿಷಯದಲ್ಲಿ, ಕಾಯಿಲೆ ಥಟ್ಟನೆ ನಡತೆಯಾಗಿಬಿಡುತ್ತದೆ. ದಪ್ಪಗಿದ್ದಾಳೆಂದರೆ ಬಾಯಿಚಪಲದವಳು, ಸೋಮಾರಿ. ಕಾಪಿ ಹೊಡೆಯುವುದು ಏಕೆ ತಪ್ಪು? ತನ್ನಲ್ಲಿಲ್ಲದ ವಿದ್ಯೆಯನ್ನು ಇದೆಯೆಂದು ಅಂಕಪಟ್ಟಿ ಸಾಕ್ಷಿ ಹೇಳುವುದರಿಂದ. ತೂಕದ ಯಂತ್ರ ಕೊಡುವುದು ಅಂಕವಲ್ಲ. ಅದು ಯಾರ ಗುಣಕ್ಕೂ ಸಾಕ್ಷಿ ಹೇಳುವುದಿಲ್ಲ. ಸಾಕ್ಷಿಯೇ ಇಲ್ಲದ ಕಡೆ ಸುಳ್ಳು ಎಲ್ಲಿಂದ ಬಂತು?

ಮೂರನೆಯ ಆಕ್ಷೇಪ ನನ್ನೊಳಗೇ ಹುಟ್ಟಿದ್ದು. ಈ ಮಾತ್ರೆಗೆ ಒಂದು ಕೆಟ್ಟ ಗುಣವಿದೆ. ಅದನ್ನು ನುಂಗಿ ಜಿಡ್ಡಿನ ತಿಂಡಿ ತಿಂದರೆ ಹೊಟ್ಟೆ ತಡೆಯುವುದಿಲ್ಲ. ವಾಯು, ಅವಸರ, ಬಟ್ಟೆಗೆ ಎಣ್ಣೆಯ ಕಲೆ. ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಹೇಳುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಭಯವಿಲ್ಲ. ಕೊರಟಗೆರೆಯ ಒಂದು ಮದುವೆಯಲ್ಲಿ ಬೋಂಡ, ತುಪ್ಪ ಎರಡನ್ನೂ ಬೇಡವೆಂದೆ. “ಎಂಥಾ ಸಂಯಮ ನಿಮ್ಮದು” ಎಂದು ಪಕ್ಕದವರು ಹೊಗಳಿದರು. ಸಂಯಮವೆಲ್ಲಿ ಬಂತು, ಅದು ಬೆತ್ತದ ಭಯ! ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಅದಕ್ಕೆ ಮೊದಲೂ ನಾವು ಕಂಡದ್ದೇ: ಬೆತ್ತದಿಂದ ಬಂದ ಮಗ್ಗಿ ಬೆತ್ತ ಕೋಣೆಯಲ್ಲಿರುವ ತನಕ. ಈ ಮಾತ್ರೆಯ ಕಥೆಯೂ ಅದೇ. ನಿಲ್ಲಿಸಿದವರಲ್ಲಿ ತೂಕ ಮತ್ತೆ ಏರುವುದನ್ನು ಪರೀಕ್ಷೆಗಳಲ್ಲಿ ಕಂಡಿದ್ದಾರೆ.

ಭಯದಿಂದ ಬಂದ ಮಿತಿ ಮಿತಿಯಲ್ಲವೇ? ಇದಕ್ಕೆ ನನಗೆ ಹೊಳೆದ ಉತ್ತರ ಒಂದನೆಯ ತರಗತಿಯದು. ಮಗು ಮೊದಲು ನಾವು ಬರೆದುಕೊಟ್ಟ ಅಕ್ಷರದ ಮೇಲೇ ತಿದ್ದುತ್ತದೆ. ಅದು ಅದರ ಸ್ವಂತ ಬರಹವಲ್ಲ. ಆದರೆ ತಿದ್ದಿ ತಿದ್ದಿ ಕೈಗೆ ವಳಿ ಬಂದಮೇಲೆ ಒಂದು ದಿನ ಖಾಲಿ ಹಾಳೆಯ ಮೇಲೆ ‘ಅ’ ಮೂಡುತ್ತದೆ. ಮಾತ್ರೆಯ ತಿಂಗಳುಗಳಲ್ಲಿ ಕೈ ತಿದ್ದಿಕೊಂಡರೆ, ಎರಡು ಲೀಟರ್ ಎಣ್ಣೆಯ ಅಡಿಗೆಗೆ ನಾಲಿಗೆ ಒಗ್ಗಿದರೆ, ಸಂಜೆ ನಡೆಯುವುದು ರೂಢಿಯಾದರೆ, ಮಾತ್ರೆ ತನ್ನ ಕೆಲಸ ಮಾಡಿದಂತೆ. ಕೆಲವರಿಗೆ ಅದು ಬಹುಕಾಲ ಬೇಕಾಗಬಹುದು; ಕನ್ನಡಕದ ಹಾಗೆ. ಅದರಲ್ಲಿಯೂ ಅವಮಾನವೇನಿಲ್ಲ. ಸ್ವೀಡನ್ನಿನಲ್ಲಿ 3,305 ಜನರ ಮೇಲೆ ನಾಲ್ಕು ವರ್ಷ ನಡೆಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪಥ್ಯ ವ್ಯಾಯಾಮಗಳಷ್ಟೇ ಮಾಡಿದವರು ಸರಾಸರಿ 3 ಕೆ.ಜಿ. ಇಳಿದರೆ, ಜೊತೆಗೆ ಈ ಮಾತ್ರೆಯನ್ನೂ ತೆಗೆದುಕೊಂಡವರು 5.8 ಕೆ.ಜಿ. ಇಳಿದರು. ಸಕ್ಕರೆ ಕಾಯಿಲೆಗೆ ತಿರುಗಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 9, ಎರಡನೆಯದರಲ್ಲಿ ನೂರಕ್ಕೆ 6.2. ಪವಾಡವಲ್ಲ, ಆದರೆ ತಾಯಿಯ ಕಣ್ಣು ಹೋದದ್ದನ್ನು ಕಂಡವಳಿಗೆ ಸಣ್ಣದೂ ಅಲ್ಲ. ನನ್ನ ಮಟ್ಟಿಗೆ ಹನ್ನೆರಡು ವಾರದಲ್ಲಿ ನಾಲ್ಕೂವರೆ ಕೆ.ಜಿ. ಇಳಿಯಿತು.

ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ಬೇರೆಯೇ ಇದೆ. ಶಿರಾದಲ್ಲಿರುವ ನನ್ನ ಕಿರಿಯ ಗೆಳತಿಯೊಬ್ಬಳು ಯಾವ ಚೀಟಿಯೂ ಇಲ್ಲದೆ ಇದೇ ಮಾತ್ರೆ ತರಿಸಿಕೊಂಡು, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ನುಂಗುತ್ತಿದ್ದಳು. ಗಂಡನಿಗೆ ಗೊತ್ತಾದರೆ ನಗುತ್ತಾರೆ, ಅತ್ತೆಗೆ ಗೊತ್ತಾದರೆ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಅವಳಿಗೆ ಥೈರಾಯ್ಡ್ ಬೇರೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯಾದರೂ ಅಂತರವಿರಬೇಕು, ಇಲ್ಲವಾದರೆ ಅದು ಮೈಗೆ ಸರಿಯಾಗಿ ಸೇರದಿರಬಹುದು. ಎಣ್ಣೆಯ ಜೊತೆ ಎ, ಡಿ, ಇ, ಕೆ ಜೀವಸತ್ವಗಳೂ ಸೋರಿಹೋಗುವುದರಿಂದ ಅವುಗಳ ಮಾತ್ರೆಯನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳಬೇಕು. ಬಸುರಿಯರು ಇದನ್ನು ಮುಟ್ಟಕೂಡದು. ಅಪರೂಪಕ್ಕೆ ಯಕೃತ್ತಿಗೂ ತೊಂದರೆಯಾದದ್ದುಂಟು, ಆದ್ದರಿಂದ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಒಡನೆ ವೈದ್ಯರ ಬಳಿ ಓಡಬೇಕು. ಇದಾವುದನ್ನೂ ಅಕ್ಕಿ ಡಬ್ಬಿ ಹೇಳುವುದಿಲ್ಲ. ತಿಂಗಳುಗಟ್ಟಲೆ ಸುಸ್ತೆಂದು ನರಳಿದ ಮೇಲೆ ಅವಳು ನನ್ನ ಬಳಿ ಬಾಯಿಬಿಟ್ಟಳು. ವೈದ್ಯರಿಗೆ ಎಲ್ಲ ಹೇಳಿ ಹೊತ್ತು ಬದಲಿಸಿಕೊಂಡಮೇಲೆ ಚೇತರಿಸಿಕೊಂಡಳು. ಅವಳನ್ನು ಸುಸ್ತು ಮಾಡಿದ್ದು ಮಾತ್ರೆಯೊಂದೇ ಅಲ್ಲ. ಹೆಂಗಸಿನ ಮೈಯನ್ನು ಕುರಿತು ಮನೆಮಂದಿಯೆಲ್ಲ ತೀರ್ಪು ಕೊಡುವ ನಮ್ಮ ಅಭ್ಯಾಸಕ್ಕೂ ಅದರಲ್ಲಿ ಪಾಲಿದೆ. ಮದುವೆಗೆ ಮೂರು ತಿಂಗಳಿದೆಯೆಂದು, ಆರೋಗ್ಯವಾಗಿಯೇ ಇರುವ ಹುಡುಗಿಗೆ ತೆಳ್ಳಗಾಗಲು ಇಂಥ ಮಾತ್ರೆ ಹುಡುಕುವ ತಾಯಂದಿರಿದ್ದಾರೆ. ಅವರಿಗೆ ಹೇಳುವುದಿಷ್ಟೇ: ಇದು ಕಾಯಿಲೆಯ ಔಷಧಿ, ವರನ ಕಡೆಯವರ ಕಣ್ಣಿಗೆ ಹಚ್ಚುವ ಅಂಜನವಲ್ಲ.

2025ರಲ್ಲಿ ಮೌಂಜಾರೊ, ವೆಗೊವಿ ಎಂಬ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗಳೂ ನಮ್ಮ ದೇಶಕ್ಕೆ ಬಂದಿವೆ. ಅವು ಹಸಿವನ್ನೇ ತಗ್ಗಿಸುತ್ತವೆ. ಮುಂದೆ ಇನ್ನೇನು ಬರುತ್ತದೋ. ಔಷಧಿ ಹೊಸದಾದರೂ ನಮ್ಮನ್ನು ಕೇಳುವ ಪ್ರಶ್ನೆ ಹಳೆಯದೇ: ಇದನ್ನು ಮೈಯ ಆರೈಕೆಗೆಂದು ತೆಗೆದುಕೊಳ್ಳುತ್ತಿದ್ದೇವೆಯೋ, ಉಂಡದ್ದಕ್ಕೆ ಪ್ರಾಯಶ್ಚಿತ್ತವೆಂದೋ? ಪ್ರಾಯಶ್ಚಿತ್ತವಾದರೆ ಅದನ್ನು ಕದ್ದು ಮಾಡುತ್ತೇವೆ, ಮತ್ತೆ ತಿನ್ನುತ್ತೇವೆ, ಮತ್ತೆ ನುಂಗುತ್ತೇವೆ. ಆರೈಕೆಯಾದರೆ ಹಗಲು ಹೊತ್ತಿನಲ್ಲಿ, ಹತ್ತು ಜನರ ಮುಂದೆ, ವೈದ್ಯರನ್ನು ಕೇಳಿ ಮಾಡುತ್ತೇವೆ.

ಅನ್ನದ ಋಣವನ್ನು ಅತ್ತೆಯವರು ಮರೆಯಗೊಡಲಿಲ್ಲ. ಅದು ಒಳ್ಳೆಯದೇ ಆಯಿತು. ಆ ಋಣ ತೀರಬೇಕಾದರೆ ಅಳತೆಗೆ ಸರಿಯಾಗಿ ಅಕ್ಕಿ ಹಾಕಬೇಕು, ಮಿಕ್ಕದ್ದು ಕೆಡುವ ಮೊದಲೇ ಹಸಿದವರಿಗೆ ಮುಟ್ಟಿಸಬೇಕು, ಅನ್ನದಿಂದಲೇ ಆದ ಈ ಮೈಯನ್ನು ನೋಡಿಕೊಳ್ಳಬೇಕು. ಉಳಿದದ್ದನ್ನೆಲ್ಲ ಮನೆಯ ಹೆಂಗಸಿನ ಹೊಟ್ಟೆಗೆ ಸುರಿದು ಋಣ ತೀರಿತೆನ್ನುವುದು ಸಲ್ಲದು. ಬಡಿಸುವವಳಿಗೂ ಒಂದು ತಟ್ಟೆ, ಒಂದು ಹಸಿವು, ಒಂದು ಸಾಕು ಎನ್ನುವ ಮಾತು ಇದೆಯೆಂದು ನಮ್ಮ ಮನೆಗಳು ಒಪ್ಪಲಿ.