ಬೀಗ ಹಾಕಿದವನ ಲೆಕ್ಕ

ನ್ಯೂಯಾರ್ಕಿನ ಬ್ಲೀಕರ್ ಸ್ಟ್ರೀಟಿನಲ್ಲಿ ಕಳೆದ ದಶಕದ ಕೊನೆಗೆ ದುಬಾರಿ ಬ್ರ್ಯಾಂಡುಗಳ ಅಂಗಡಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಗಾಜಿಗೆ ಒಳಗಿನಿಂದ ಅಂಟಿಸಿದ ಕಂದು ಕಾಗದ, ಮೇಲೊಂದು ‘ಬಾಡಿಗೆಗಿದೆ’ ಬೋರ್ಡು. ಬಾಡಿಗೆ ಇಳಿಸಲು ಮಾತ್ರ ಹಲವು ಮಾಲೀಕರಿಗೆ ಮನಸ್ಸಿರಲಿಲ್ಲ. ಅದು ಇಳಿದರೆ ಕಟ್ಟಡದ ಬೆಲೆಯೂ ಇಳಿಯುತ್ತದೆ, ಸಾಲ ಕೊಟ್ಟ ಬ್ಯಾಂಕು ಹುಬ್ಬು ಗಂಟಿಕ್ಕುತ್ತದೆ. ಕಡಿಮೆ ಬಾಡಿಗೆಯ ಹತ್ತು ವರ್ಷದ ಕರಾರಿಗಿಂತ ಒಂದೆರಡು ವರ್ಷ ಬೀಗ ಜಡಿಯುವುದೇ ವಾಸಿ ಎಂಬ ಲೆಕ್ಕಾಚಾರ.

2019ರಲ್ಲಿ ನಗರ 157ನೇ ಸ್ಥಳೀಯ ಕಾನೂನನ್ನು ತಂದಿತು. ನೆಲಮಹಡಿಯಲ್ಲೋ ಅದರ ಮೇಲಿನ ಮಹಡಿಯಲ್ಲೋ ಮಳಿಗೆ ಇರುವವರು ಅದು ಖಾಲಿಯೋ ಅಲ್ಲವೋ, ಕರಾರು ಎಂದಿಗೆ ಮುಗಿಯುತ್ತದೆ, ಬಾಡಿಗೆ ಎಷ್ಟು ಎಂದು ಪ್ರತಿವರ್ಷ ಹಣಕಾಸು ಇಲಾಖೆಗೆ ತಿಳಿಸಬೇಕು.

‘ನನ್ನ ಆಸ್ತಿ, ನನ್ನಿಷ್ಟ, ಊರಿಗೇಕೆ ವರದಿ?’

ತಕರಾರು ಹಳೆಯದು. ಪಾಳು ನೆಲಕ್ಕೆ ಗಡಿ ಹಾಕಿ ಮೂರು ವರ್ಷ ಉಳದೆ ಬಿಟ್ಟವನ ಹಕ್ಕು ಹೋಯಿತು ಎಂಬ ತೀರ್ಪು ಖಲೀಫ ಉಮರ್ ಹೆಸರಿನಲ್ಲಿ ಇಸ್ಲಾಮಿಕ್ ನ್ಯಾಯಶಾಸ್ತ್ರದಲ್ಲಿ ಉಳಿದಿದೆ. ಕೊಳೆತುಹೋಗುವಷ್ಟು ಕೂಡಿಡುವ ಹಕ್ಕು ಯಾರಿಗೂ ಇಲ್ಲ ಎಂದ ತತ್ತ್ವಜ್ಞಾನಿ ಜಾನ್ ಲಾಕ್, ದುಡ್ಡು ಕೊಳೆಯುವುದಿಲ್ಲವಲ್ಲ ಎಂದು ತಾನೇ ಹಿಂಬಾಗಿಲನ್ನೂ ತೆರೆದಿಟ್ಟ. ಬ್ಲೀಕರ್ ಸ್ಟ್ರೀಟಿನ ಮಾಲೀಕರು ನುಸುಳಿದ್ದು ಆ ಬಾಗಿಲಿನಿಂದಲೇ.

ಗಾಂಧೀಜಿಯ ದಾರಿ ಬೇರೆ. ಗೀತೆಯ ಅಪರಿಗ್ರಹ ಅವರಿಗೆ ಸ್ಪಷ್ಟವಾದದ್ದು ಇಂಗ್ಲಿಷ್ ಕಾನೂನು ಓದಿದ್ದರಿಂದ. ಸ್ನೆಲ್ ಬರೆದ ಕಾನೂನಿನ ಪಠ್ಯಪುಸ್ತಕವನ್ನು ಆತ್ಮಕಥೆಯಲ್ಲಿ ಅವರು ನೆನೆಯುತ್ತಾರೆ. ಧರ್ಮದರ್ಶಿಯ (ಟ್ರಸ್ಟಿಯ) ಕೈಯಲ್ಲಿ ಕೋಟಿ ಇರಬಹುದು, ಒಂದು ಕಾಸೂ ತನ್ನದೆಂದು ಅವನು ತಿಳಿಯುವಂತಿಲ್ಲ. ಸಿರಿವಂತರೂ ತಮ್ಮ ಆಸ್ತಿಗೆ ಹೀಗೆ ಧರ್ಮದರ್ಶಿಗಳಾಗಿರಬೇಕು ಎಂಬುದು ಅವರ ತತ್ತ್ವ. ಸಿರಿವಂತರ ಮನಸ್ಸು ತಾನಾಗಿ ಕರಗುತ್ತದೆಂದು ನೆಚ್ಚಿಕೊಂಡದ್ದು ಈ ತತ್ತ್ವದ ದೌರ್ಬಲ್ಯ ಎಂದು ಟೀಕಿಸಿದವರು ಹಲವರು. ಆದರೆ ಕೋರ್ಟು ಗುರುತಿಸುವ ಧರ್ಮದರ್ಶಿ ಒಳ್ಳೆಯವನಾಗಿದ್ದರೆ ಸಾಲದು, ಲೆಕ್ಕ ಒಪ್ಪಿಸಬೇಕು. ನ್ಯೂಯಾರ್ಕಿನ ಕಾನೂನು ಲೆಕ್ಕ ಒಪ್ಪಿಸುವ ಈ ಅರ್ಧವನ್ನಷ್ಟೇ ಎತ್ತಿಕೊಂಡಿದೆ: ಮಳಿಗೆ ನಿಮ್ಮದೇ, ಬೀಗವೂ ನಿಮ್ಮದೇ, ಗುಟ್ಟು ಮಾತ್ರ ನಿಮ್ಮದಲ್ಲ. ಜಾಗ ಹುಡುಕುತ್ತ ಅಲೆಯುವ ಸಣ್ಣ ವ್ಯಾಪಾರಿಯ ಕಡೆಯಿಂದ ನೋಡಿದರೆ ಇದು ಅತಿಯೇನಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಇನ್ನೂ ಮುಂದೆ ಹೋಯಿತು. 2020ರಲ್ಲಿ ಮತದಾರರು ಒಪ್ಪಿ, 2022ರಲ್ಲಿ ಜಾರಿಗೆ ಬಂದ ತೆರಿಗೆಯ ಪ್ರಕಾರ, ನಿಗದಿತ ವಾಣಿಜ್ಯ ಪ್ರದೇಶಗಳಲ್ಲಿ ವರ್ಷಕ್ಕೆ 182 ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟ ಮಳಿಗೆಗೆ ರಸ್ತೆಬದಿಯ ಪ್ರತಿ ಅಡಿಗೆ 250 ಡಾಲರ್. ಖಾಲಿ ಮುಂದುವರಿದರೆ 500, ಆಮೇಲೆ 1,000. ಬೆಂಕಿಗೆ ಆಹುತಿಯಾದ ಅಂಗಡಿಗೆ ಎರಡು ವರ್ಷದ ವಿನಾಯಿತಿಯೂ ಇದೆ. ಹಟಕ್ಕೆ ಬೀಗ ಹಾಕಿದವನನ್ನೂ ದಿಕ್ಕುತೋಚದೆ ಹಾಕಿದವನನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಬಾರದು, ಸರಿ. ಆದರೆ ಯಾವನು ಯಾರೆಂದು ಊರಿಗೆ ಗೊತ್ತಾಗಬೇಕಾದರೆ ಮಾಲೀಕ ಬಾಯಿ ಬಿಡಬೇಕಷ್ಟೆ.