ಕಂಡುದೂ ಕೇಳಿದುದೂ

ಕಣ್ಣಾರೆ ಕಂಡ ಮೇಲೆ ಬೇರೆ ಪ್ರಮಾಣವೇಕೆಂದು ಲೋಕದಲ್ಲಿ ಎಲ್ಲರೂ ಹೇಳುವರು. ಆದರೆ ತಾನು ಕಂಡುದು ಒಂದು, ಹಿರಿಯರಿಂದಲೋ ಪುಸ್ತಕಗಳಿಂದಲೋ ಕೇಳಿದುದು ಮತ್ತೊಂದು ಆದಾಗ, ಕಂಡುದನ್ನು ಕಂಡಂತೆಯೇ ಹೇಳುವವರು ವಿರಳ. ಕೇಳಿದುದನ್ನೇ ಕಂಡೆನೆಂದು ಹೇಳಿ ಹತ್ತು ಜನರೊಡನೆ ಸೇರಿಕೊಳ್ಳುವುದು ಸುಲಭ. ಅದು ಅಸತ್ಯವೆಂದು ಹೇಳಿದವನಿಗೂ ತೋರುವುದಿಲ್ಲ. ಏಕೆಂದರೆ ಅವನು ಹೇಳಿದ ವಿಷಯವು ನಿಜವೇ ಆಗಿರಬಹುದು. ಅದನ್ನು ಅವನು ಕಂಡನೆಂಬುದು ಮಾತ್ರ ನಿಜವಲ್ಲ. ಇಂತಹ ಮಾತಿನಲ್ಲಿ ದೋಷವುಂಟೆ, ಇಲ್ಲವೆ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ, ಇತ್ತೀಚೆಗೆ ಗೃಹಸ್ಥರ ಮನೆಗಳಿಗೂ ಬರುತ್ತಿರುವ ದುರ್ಬೀನಿಗಿಂತ ಒಳ್ಳೆಯ ದೃಷ್ಟಾಂತವು ದೊರೆಯಲಾರದು.

ಬಾಣಾವರವು ಅರಸೀಕೆರೆಯಿಂದ ಬೀರೂರಿಗೆ ಹೋಗುವ ರೈಲುದಾರಿಯಲ್ಲಿರುವ ಊರು. ಮಹಾನಗರಗಳ ಬೆಳಕು ಇಲ್ಲಿಯ ಆಕಾಶವನ್ನು ಇನ್ನೂ ನುಂಗಿಲ್ಲ. ಬೀದಿಯ ದೀಪ ಮರೆಯಾಗುವಂತೆ ಮಾಳಿಗೆಯ ಮೇಲೆ ನಿಂತರೆ, ಉತ್ತರದಲ್ಲಿ ಧ್ರುವನು ದಿಗಂತದಿಂದ ಸುಮಾರು 13 ಅಂಶಗಳಷ್ಟೇ ಮೇಲೆ, ಮರಗಳ ತಲೆಯನ್ನು ತಾಗುವಂತೆ ಕಾಣುವನು. ಧ್ರುವನು ಇಷ್ಟು ತಗ್ಗಿರುವುದರಿಂದಲೇ ದಕ್ಷಿಣದ ಸಂಪತ್ತು ಈ ಊರಿಗೆ ಹೆಚ್ಚು. ಮಾಘ ಫಾಲ್ಗುಣಗಳ ಸಂಜೆಗಳಲ್ಲಿ ಅಗಸ್ತ್ಯನಕ್ಷತ್ರವು ಇಲ್ಲಿ ನಿಚ್ಚಳವಾಗಿ ತೋರುವುದು. ಇಂತಹ ಊರಿನ ಒಂದು ಮನೆಯಲ್ಲಿ, 2025ರ ನವರಾತ್ರಿಗೆ ಸರಿಯಾಗಿ, ಮಕ್ಕಳಿಗೆಂದು ಒಂದು ಸಣ್ಣ ದುರ್ಬೀನನ್ನು ತರಿಸಿದರೆಂದು ದೃಷ್ಟಾಂತಕ್ಕಾಗಿ ಭಾವಿಸಬಹುದು. ಆಯುಧಪೂಜೆಯ ದಿನ ಅದಕ್ಕೂ ಹೂವೇರಿಸಿ, ಗಾಜಿಗೆ ತಾಗದಂತೆ ಕುಂಕುಮವಿಟ್ಟರು. ಅದರ ಮುಂಬದಿಯ ಮಸೂರದ ವ್ಯಾಸ 70 ಮಿಲಿಮೀಟರು, ನಾಭಿದೂರ 700 ಮಿಲಿಮೀಟರು. ಕಣ್ಣಿಡುವ ಕಡೆಗೆ 25 ಮಿಲಿಮೀಟರಿನ ಮಸೂರವನ್ನು ಹಾಕಿದರೆ ವಸ್ತುವು 28 ಪಟ್ಟು, 10 ಮಿಲಿಮೀಟರಿನದನ್ನು ಹಾಕಿದರೆ 70 ಪಟ್ಟು ದೊಡ್ಡದಾಗಿ ತೋರುವುದು. ಪೆಟ್ಟಿಗೆಯ ಮೇಲೆ ನೂರಾರು ಪಟ್ಟು ಎಂದು ಅಚ್ಚಾಗಿದ್ದರೂ, ಇಂತಹ ಮಸೂರಕ್ಕೆ 140 ಪಟ್ಟನ್ನು ಮೀರಿದರೆ ಬಿಂಬವು ಹಿಗ್ಗಿ ಮಸಕಾಗುವುದೇ ಹೊರತು ಹೊಸದೇನೂ ಕಾಣದು.

ಈ ಯಂತ್ರವನ್ನು ಹೂಡುವುದರಲ್ಲಿ ಒಂದು ಕ್ರಮವುಂಟು. ಮೂರು ಕಾಲಿನ ಪೀಠವು ಅಲುಗದಂತೆ ಗಟ್ಟಿಯಾದ ನೆಲದ ಮೇಲೆ ಊರಬೇಕು. ನಳಿಗೆಯ ಬೆನ್ನ ಮೇಲಿರುವ ಗುರಿನಳಿಗೆಯನ್ನು ಹಗಲಿನಲ್ಲಿಯೇ ದೂರದ ತೆಂಗಿನ ತುದಿಗೋ ಗೋಪುರದ ಕಳಶಕ್ಕೋ ಹಿಡಿದು, ಎರಡರಲ್ಲಿಯೂ ಅದೇ ವಸ್ತು ನಡುವೆ ಬರುವಂತೆ ಸರಿಪಡಿಸಿಕೊಳ್ಳಬೇಕು. ರಾತ್ರಿ ಮೊದಲು ಕಡಮೆ ಪಟ್ಟಿನ ಮಸೂರದಿಂದ ಗ್ರಹವನ್ನು ಹುಡುಕಿ, ಆಮೇಲೆ ಹೆಚ್ಚಿನದನ್ನು ಹಾಕಬೇಕು. ಹಾಕಿದರೂ ಗ್ರಹವು ನಿಲ್ಲುವುದಿಲ್ಲ. ಭೂಮಿಯು ತಿರುಗುತ್ತಿರುವುದರಿಂದ 70 ಪಟ್ಟಿನಲ್ಲಿ ಅದು ಎರಡು ಮೂರು ನಿಮಿಷಗಳೊಳಗೆ ನೋಟದಿಂದ ಜಾರಿಹೋಗುವುದು. ಕತ್ತಲೆಗೆ ಕಣ್ಣು ಪೂರ್ತಿಯಾಗಿ ಒಗ್ಗುವುದಕ್ಕೆ ಅರ್ಧ ಗಂಟೆಯಾದರೂ ಬೇಕು. ನಡುವೆ ಒಮ್ಮೆ ಯಾರಾದರೂ ದೀಪ ಹಾಕಿದರೆ ಆ ಅರ್ಧ ಗಂಟೆಯೂ ವ್ಯರ್ಥ.

ವಸ್ತುವಿದ್ದೂ ಕಾಣದಿರುವುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಎಣಿಸಿರುವನು. ವಸ್ತುವು ಬಹು ದೂರವಿರಬಹುದು, ಬಹು ಹತ್ತಿರವಿರಬಹುದು. ಇಂದ್ರಿಯವು ಕೆಟ್ಟಿರಬಹುದು, ಮನಸ್ಸು ನೆಲೆಯಲ್ಲಿ ಇಲ್ಲದಿರಬಹುದು. ವಸ್ತುವು ಅತಿ ಸೂಕ್ಷ್ಮವಾಗಿರಬಹುದು, ನಡುವೆ ಮರೆಯಿರಬಹುದು. ಪ್ರಬಲವಾದುದು ಅದನ್ನು ಅಡಗಿಸಿರಬಹುದು, ತನ್ನಂತಹವುಗಳಲ್ಲಿ ಅದು ಬೆರೆತುಹೋಗಿರಬಹುದು. ದುರ್ಬೀನಿನ ಬಳಿ ನಿಂತವನಿಗೆ ಈ ಎಂಟೂ ಎದುರಾಗುವುವು. ಮೋಡವು ಮರೆ, ತೆಗೆಯಲು ಮರೆತ ಮುಚ್ಚಳವೂ ಮರೆ. ಬೆಳುದಿಂಗಳು ಸಣ್ಣ ತಾರೆಗಳನ್ನು ಅಡಗಿಸುವುದು. ಗ್ರಹವಾವುದು ನಕ್ಷತ್ರವಾವುದು ಎಂದು ತಿಳಿಯದವನಿಗೆ ಎಲ್ಲವೂ ಬೆರೆತಂತೆಯೇ. ಇಂದ್ರಿಯದ ವಿಷಯದಲ್ಲಿ ಎಚ್ಚರಿಕೆ ಅತ್ಯಗತ್ಯ. ನಳಿಗೆಯ ಮುಂಬದಿಯನ್ನು ಪೂರ್ತಿಯಾಗಿ ಮುಚ್ಚುವ, ಸೂರ್ಯದರ್ಶನಕ್ಕೆಂದೇ ಮಾಡಿದ ಶೋಧಕವಿಲ್ಲದೆ ಸೂರ್ಯನ ಕಡೆಗೆ ದುರ್ಬೀನನ್ನು ಹಿಡಿದು ನೋಡಿದರೆ, ಕ್ಷಣಮಾತ್ರದಲ್ಲಿ ಕಣ್ಣು ಹೋಗುವುದು. ಈ ಎಂಟು ತೊಡಕುಗಳಲ್ಲಿ ಯಂತ್ರವು ನೀಗುವುದು ದೂರವನ್ನೂ ಸೂಕ್ಷ್ಮತೆಯನ್ನೂ ಮಾತ್ರ. ಉಳಿದುವನ್ನು ನೋಡುವವನೇ ನೀಗಿಕೊಳ್ಳಬೇಕು. ಅವುಗಳಲ್ಲಿ ಕಠಿನವಾದುದು ಮನಸ್ಸಿನದು. ಮನಸ್ಸು ಬೇರೆ ಕಡೆ ಅಲೆದರೆ ಇದ್ದುದು ಕಾಣುವುದಿಲ್ಲ. ಕೇಳಿದ ಮಾತಿನಿಂದ ತುಂಬಿದ್ದರೆ ಇಲ್ಲದುದೂ ಕಂಡಂತಾಗುವುದು.

ನವರಾತ್ರಿ ಕಳೆದ ಮೇಲೆ ಆ ಮನೆಯವರು ಮಾಳಿಗೆಯನ್ನೇರಿ ಶನಿಯನ್ನು ನೋಡಿದರೆನ್ನಿ. ಶನಿಯು ಮೀನದಲ್ಲಿರುವನೆಂದು ಪಂಚಾಂಗದಿಂದ ಬಲ್ಲವರು, ಸಾಡೇಸಾತಿಗೆ ಅಂಜಿ ಎಳ್ಳೆಣ್ಣೆಯ ದೀಪ ಹಚ್ಚಿದವರು. ಅವನನ್ನು ಕಣ್ಣಿಂದ ಗುರುತಿಸಿದುದು ಅದೇ ಮೊದಲು. ತಂದೆ ನೋಡಿ, “ಆಹಾ, ಬಳೆ ಎಷ್ಟು ಚೆನ್ನಾಗಿದೆ!” ಎಂದನು. ಚಿಕ್ಕಪ್ಪನೂ ಹೌದೆಂದನು. ಹತ್ತು ವರುಷದ ಹುಡುಗಿಯು ಬಹಳ ಹೊತ್ತು ಕಣ್ಣಿಟ್ಟು ನೋಡಿ, “ತಾತ, ಬಳೆ ಇಲ್ಲ. ಗುಂಡಗಿದೆ, ಎರಡು ಕಡೆಗೂ ಸೂಜಿಯ ಹಾಗೆ ಒಂದು ಗೆರೆ ಇದೆ” ಎಂದಳು. “ಸರಿಯಾಗಿ ನೋಡು ಮಗು, ಪುಸ್ತಕದಲ್ಲಿ ಚಿತ್ರವನ್ನೇ ಹಾಕಿದ್ದಾರೆ” ಎಂದು ತಂದೆ ಹೇಳಿದನು. ಅವಳು ಮತ್ತೊಮ್ಮೆ ನೋಡಿ ಗೆರೆಯೆಂದೇ ಹೇಳಿದಳು.

ಹುಡುಗಿಯ ಮಾತೇ ಸರಿ. ಶನಿಯ ಬಳೆಯ ವ್ಯಾಸ ಸುಮಾರು 2,70,000 ಕಿಲೋಮೀಟರುಗಳಾದರೂ, ಅದರ ದಪ್ಪವು ಬಹುಮಟ್ಟಿಗೆ ಕೆಲವು ಹತ್ತು ಮೀಟರುಗಳು ಮಾತ್ರ. ಶನಿಯು ಸೂರ್ಯನನ್ನು ಸುಮಾರು ಇಪ್ಪತ್ತೊಂಬತ್ತೂವರೆ ವರುಷಗಳಲ್ಲಿ ಸುತ್ತುವಾಗ, ಎರಡು ಸಂದರ್ಭಗಳಲ್ಲಿ ಆ ಬಳೆಯ ಅಂಚು ನಮ್ಮ ಕಡೆಗೆ ನೇರವಾಗಿ ತಿರುಗುವುದು. 2025ರ ಮಾರ್ಚಿಯಲ್ಲಿ ಹಾಗಾಯಿತು. ಆ ವರುಷವೆಲ್ಲ ಬಳೆಯು ಹೆಚ್ಚು ಓರೆಯಾಗದೆ ಬರಿಯ ಗೆರೆಯಂತೆಯೇ ಇದ್ದಿತು. ಬಳೆಯನ್ನು ಹೊಗಳಿದ ಹಿರಿಯರಿಬ್ಬರೂ ಹೊಗಳಿದುದು ಪುಸ್ತಕದ ಚಿತ್ರವನ್ನು, ಆಕಾಶದ ಶನಿಯನ್ನಲ್ಲ.

ಇದೇ ಗೆರೆಯು ಹಿಂದೆ ಗೆಲಿಲಿಯೋವನ್ನೂ ಕಾಡಿದ್ದಿತು. 1610ರಲ್ಲಿ ಅವನು ತನ್ನ ದುರ್ಬೀನಿನಿಂದ ಶನಿಯನ್ನು ನೋಡಿದಾಗ, ನಡುವೆ ಒಂದು ದೊಡ್ಡ ಬಿಂಬವೂ ಎರಡು ಪಕ್ಕಗಳಲ್ಲಿ ಎರಡು ಸಣ್ಣ ಬಿಂಬಗಳೂ ಕಂಡುವು, ಹಾಗೆಯೇ ಹೇಳಿದನು. 1612ರಲ್ಲಿ ಆ ಎರಡೂ ಮಾಯವಾದುವು. ಬೆರಗಾದರೂ, ಮಾಯವಾದುವೆಂದೇ ಬರೆದನು. ಅವು ಬಳೆಯ ಎರಡು ಬದಿಗಳೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅದನ್ನು 1659ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹೈಗೆನ್ಸನು ವಿವರಿಸಿದನು. ಗೆಲಿಲಿಯೋವಿನ ಊಹೆ ತಪ್ಪು, ಆದರೆ ಅವನ ಸಾಕ್ಷ್ಯವು ತಪ್ಪಲ್ಲ. ಮೊದಲು ಕಂಡೆನೆಂದ ಮರ್ಯಾದೆಗಾಗಿ 1612ರಲ್ಲಿಯೂ ಮೂರು ಬಿಂಬಗಳುಂಟೆಂದು ಅವನು ಬರೆದಿದ್ದರೆ, ಈ ರೂಪಭೇದಕ್ಕೆ ಕಾರಣವೇನೆಂದು ಯಾರೂ ಹುಡುಕುತ್ತಿರಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು: ಬಳೆಯಿರುವುದು ನಿಜವಷ್ಟೆ, ನೂರಾರು ವರುಷ ಪಂಡಿತರು ಪರೀಕ್ಷಿಸಿದ ಆಪ್ತವಾಕ್ಯವನ್ನು ಬಿಟ್ಟು, ಒಂದು ರಾತ್ರಿ ಒಂದು ಮಗುವಿನ ಕಣ್ಣಿಗೆ ತೋರಿದುದನ್ನು ನಂಬುವುದು ಅವಿವೇಕವಲ್ಲವೆ? ಈ ಆಕ್ಷೇಪಣೆಯು ತಳ್ಳಿಬಿಡತಕ್ಕದ್ದಲ್ಲ. ಮನುಷ್ಯನು ಬಲ್ಲುದರಲ್ಲಿ ಬಹುಭಾಗವು ಕೇಳಿ ತಿಳಿದುದೇ. ಆದರೆ ತರ್ಕಶಾಸ್ತ್ರದ ಪ್ರಕಾರ ಆಪ್ತನೆಂದರೆ ಇದ್ದುದನ್ನು ಇದ್ದಂತೆ ಹೇಳುವವನು. ಹೀಗಿರುವಲ್ಲಿ ಶಬ್ದಪ್ರಮಾಣವೆಲ್ಲವೂ ಯಾವನೋ ಒಬ್ಬನು ಎಂದೋ ಪ್ರಾಮಾಣಿಕವಾಗಿ ಕಂಡು ಹೇಳಿದುದರ ಮೇಲೆಯೇ ನಿಂತಿರುವುದು. ಕೇಳಿದುದನ್ನು ಕಂಡೆನೆನ್ನುವವನು ಆ ಶಬ್ದಕ್ಕೆ ಗೌರವ ತೋರಿಸಿದಂತೆ ಕಂಡರೂ, ಅದರ ಬೇರನ್ನೇ ಕಡಿಯುವನು. ಅವನನ್ನು ನಂಬಿ ಹೇಳುವವನು ಮತ್ತೊಬ್ಬ, ಅವನನ್ನು ನಂಬಿ ಇನ್ನೊಬ್ಬ, ಹೀಗೆ ನೋಡಿದವನೇ ಇಲ್ಲದ ಪರಂಪರೆಯು ಬೆಳೆಯುವುದು. ಹುಡುಗಿಯು ಬಳೆಯೇ ಸುಳ್ಳೆಂದು ಹೇಳಿದ್ದರೆ ಅವಳೂ ತಪ್ಪುತ್ತಿದ್ದಳು. ತನಗೆ ಗೆರೆ ಕಂಡಿತೆಂದು ಮಾತ್ರ ಹೇಳಿದಳು. ಅವಳ ಗೆರೆಯೂ ಪುಸ್ತಕದ ಬಳೆಯೂ ಪರಸ್ಪರ ವಿರೋಧಿಗಳಲ್ಲ. ವಿಚಾರಿಸಿದರೆ ಒಂದು ಮತ್ತೊಂದನ್ನು ವಿವರಿಸುವುದು.

ಈ ನಿಷ್ಠೆಯು ಹೊರಗಿನಿಂದ ಬಂದುದೆಂದು ಎಣಿಸಬೇಕಾಗಿಲ್ಲ. ಕೇರಳದ ಪರಮೇಶ್ವರನು ಬಹುಕಾಲ ಗ್ರಹಣಗಳನ್ನು ನೋಡಿ, ಲೆಕ್ಕವು ಆಕಾಶಕ್ಕೆ ಹೊಂದದಿರುವಲ್ಲಿ ಲೆಕ್ಕವನ್ನೇ ತಿದ್ದಿ, 1431ರಲ್ಲಿ ದೃಗ್ಗಣಿತವನ್ನು ರಚಿಸಿದನು. ಆಕಾಶವನ್ನು ತಿದ್ದಹೋಗಲಿಲ್ಲ, ಹಿಂದಿನವರನ್ನು ನಿಂದಿಸಲೂ ಇಲ್ಲ. ಮದರಾಸಿನ ನಕ್ಷತ್ರಶಾಲೆಯಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಒಂದು ವಿಕಾರಿ ನಕ್ಷತ್ರವನ್ನು ಕಂಡುಹಿಡಿದರು. 1874ರ ಶುಕ್ರಸಂಕ್ರಮಣವನ್ನು ಜನರು ತಾವೇ ನೋಡಿ ತಿಳಿಯಲೆಂದು ದೇಶಭಾಷೆಯಲ್ಲಿಯೂ ಕಿರುಹೊತ್ತಗೆಯನ್ನು ಬರೆದರು. ಪಂಚಾಂಗವು ದೃಕ್ಕಿಗೆ ಸರಿಹೊಂದಬೇಕೆಂದು ವಾದಿಸಿದರು. ಶಾಸ್ತ್ರದಲ್ಲಿ ಗೌರವವಿಲ್ಲದೆ ಅವರು ಹಾಗೆ ಮಾಡಿದವರಲ್ಲ.

ಆದುದರಿಂದ ಮನೆಗೆ ದುರ್ಬೀನನ್ನು ತರುವವರು ಅದರ ಜೊತೆಯಲ್ಲಿ ಒಂದು ಬಿಳಿಯ ಹಾಳೆಯ ಪುಸ್ತಕವನ್ನೂ ತರುವುದು ಲೇಸು. ತಿಥಿ, ಹೊತ್ತು, ಹಾಕಿದ ಮಸೂರ, ಕಂಡ ಆಕಾರ, ಇವಿಷ್ಟನ್ನು ಚಿತ್ರಗಳೊಡನೆ ಹೋಲಿಸುವುದಕ್ಕೆ ಮೊದಲೇ ಅದರಲ್ಲಿ ಬರೆಯತಕ್ಕದ್ದು. ಏನೂ ಕಾಣದಿದ್ದರೆ ಕಾಣಲಿಲ್ಲವೆಂದು ಬರೆಯತಕ್ಕದ್ದು. ಮಗುವು ಕಾಣಲಿಲ್ಲವೆಂದಾಗ ಹಿರಿಯರು ಗದರಿಸದೆ, ಮುಚ್ಚಳವನ್ನೂ ಮೋಡವನ್ನೂ ಪೀಠವನ್ನೂ ನೋಡಿ, ಆಮೇಲೆ ತಮ್ಮ ನೋಟವನ್ನೇ ಪರೀಕ್ಷಿಸಿಕೊಳ್ಳುವುದು ಯುಕ್ತ. ಗದರಿಸಿದರೆ ಮಗುವು ಮರುದಿನವೇ ಬಳೆಯನ್ನು ಕಾಣತೊಡಗುವುದು; ಹೀಗೆ ಕಲಿತ ವಿದ್ಯೆಯನ್ನು ಆಮೇಲೆ ಪರೀಕ್ಷೆಯಲ್ಲಿಯೂ ವ್ಯಾಪಾರದಲ್ಲಿಯೂ ಸಾಕ್ಷಿಕಟ್ಟೆಯಲ್ಲಿಯೂ ಉಪಯೋಗಿಸುವುದು.

ಶನಿಯ ಬಳೆಯು ವರುಷದಿಂದ ವರುಷಕ್ಕೆ ಅಗಲವಾಗಿ 2032ರ ವೇಳೆಗೆ ಪೂರ್ತಿಯಾಗಿ ತೆರೆದು ತೋರುವುದು. ಗೆರೆಯನ್ನು ಗೆರೆಯೆಂದು ಬರೆದಿಟ್ಟ ಹುಡುಗಿಯ ಪುಸ್ತಕದಲ್ಲಿ ಆಗ ಬಳೆಯೂ ಬಂದು ಸೇರುವುದು. ಅದು ಹೇಗೆ ತೆರೆಯಿತೆಂಬುದನ್ನು ಅವಳು ಬಲ್ಲಳು. ಮೊದಲ ರಾತ್ರಿಯೇ ಬಳೆಯನ್ನು ಕಂಡವರಿಗೆ ಇನ್ನು ನೋಡತಕ್ಕದ್ದೇನೂ ಉಳಿದಿಲ್ಲ.