ಎಸೆದವರು ಯಾರೋ, ಎತ್ತುವವರು ನಾವೇಕೆ?



ಸ್ವಾಮಿಗಳೇ, ಈ ಸಲ ಮೊದಲ ಬಾರಿ ಮಾಲೆ ಹಾಕಿರುವ ಕನ್ನಿಸ್ವಾಮಿಗಳಿಗಾಗಿ ಈ ಬರಹ.

ನಾನಿರುವುದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ. ಹೋದ ವರ್ಷ ವ್ರತದ ದಿನಗಳಲ್ಲಿ ಒಂದು ಭಾನುವಾರ, ಬೆಳಗಿನ ಪೂಜೆ ಮುಗಿಸಿ ನಾವು ಏಳೆಂಟು ಸ್ವಾಮಿಗಳು ಸಫಿಲ್‌ಗುಡ ಕೆರೆಯ ದಡದಲ್ಲಿ ಕಸ ಎತ್ತಲು ಹೋಗಿದ್ದೆವು. ಅರ್ಧ ಚೀಲ ತುಂಬುವಷ್ಟರಲ್ಲಿ ಒಬ್ಬ ಕನ್ನಿಸ್ವಾಮಿ ಕೇಳಿದರು: "ಸ್ವಾಮಿ, ಎಸೆದವರು ಮನೆಯಲ್ಲಿ ಆರಾಮಾಗಿ ಮಲಗಿದ್ದಾರೆ. ನಾವು ಎತ್ತಿದರೆ ಅವರು ನಾಳೆ ಇನ್ನಷ್ಟು ಎಸೆಯುವುದಿಲ್ಲವೇ?"

ನನಗೂ ಹೌದೆನಿಸಿತು. ಉತ್ತರ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ನೀರಂಚಿನಲ್ಲಿ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಬಿಚ್ಚಿದರೆ ಬಾಡಿದ ಚೆಂಡುಹೂ, ಕರ್ಪೂರದ ಡಬ್ಬಿ, ವಿಭೂತಿ ಪೊಟ್ಟಣ. ಯಾರೂ ಮಾತಾಡಲಿಲ್ಲ. ಹಿಂದಿನ ವಾರ ಪಡಿಪೂಜೆ ಮುಗಿದ ಮೇಲೆ ನಾವೂ ಹೀಗೇ ಒಂದು ಕವರ್ ಕಟ್ಟಿ, "ದೇವರ ಹೂವು, ನೀರಿಗೇ ಬಿಡಬೇಕು" ಎಂದು ಇದೇ ಕೆರೆಗೆ ಬಿಟ್ಟಿದ್ದೆವು. ಅದು ನಮ್ಮದೋ, ಬೇರೆಯವರದೋ ಗೊತ್ತಿಲ್ಲ. ಆದರೆ "ಎಸೆದವರು" ಎಂದು ಬೆರಳು ತೋರಿಸಲು ಆಮೇಲೆ ಯಾರಿಗೂ ಮನಸ್ಸಾಗಲಿಲ್ಲ.

ಪಂಪೆಯಲ್ಲೂ ಇದೇ ಕಥೆ. ಮಿಂದು ಬಟ್ಟೆಯನ್ನು ನದಿಗೆ ಬಿಟ್ಟರೆ ಪಾಪ ಕಳೆಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಎಷ್ಟೋ ಸ್ವಾಮಿಗಳು ಬಿಡುತ್ತಾರೆ. ಅದು ಆಚಾರವಲ್ಲ. ನಮ್ಮ ಪಾಪವನ್ನು ನದಿಯ ತಲೆಗೆ ಕಟ್ಟುವುದು ಎಂಥ ಪ್ರಾಯಶ್ಚಿತ್ತ?

2011ರಲ್ಲಿ ಕೇರಳ ಪೊಲೀಸ್ ಅಧಿಕಾರಿ ಪಿ. ವಿಜಯನ್ ಅವರು ಶಬರಿಮಲೆಯಲ್ಲಿ 'ಪುಣ್ಯಂ ಪೂಂಕಾವನಂ' ಶುರುಮಾಡಿದರು. ಪೂಂಕಾವನ ಎಂದರೆ ಅಯ್ಯಪ್ಪನ ಹೂದೋಟ, ಸನ್ನಿಧಾನದ ಸುತ್ತಲಿನ ಕಾಡು. ಅಲ್ಲಿ ಪೊಲೀಸರು, ಸಿಬ್ಬಂದಿ, ಯಾತ್ರಿಕರು ಒಟ್ಟಿಗೆ ನಿಂತು ಕಸ ಎತ್ತುತ್ತಿದ್ದರು. ಪ್ಲಾಸ್ಟಿಕ್ ತರಬೇಡಿ, ಪಂಪೆಗೆ ಸೋಪು ಹಾಕಬೇಡಿ ಎನ್ನುವುದರ ಜೊತೆಗೆ, ಬಂದವರು ಸ್ವಲ್ಪ ಹೊತ್ತು ನೀವೂ ಕೈಜೋಡಿಸಿ ಎನ್ನುವುದೂ ಅಲ್ಲಿನ ಪಾಠವಾಗಿತ್ತು. ಒಂದು ಗಂಟೆ ಬಗ್ಗಿ ಕಸ ಎತ್ತಿದ ಕೈ ಮತ್ತೆ ಎಸೆಯಲು ಹಿಂಜರಿಯುತ್ತದೆ. ಕನ್ನಿಸ್ವಾಮಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ನಾವು ಎತ್ತುವುದು ಎಸೆದವರ ಸಾಲ ತೀರಿಸಲು ಅಲ್ಲ, ನಮ್ಮ ಕೈಯನ್ನು ತಿದ್ದಲು.

ಹಾಗೆಂದು ಎಸೆದವರಿಗೆ ದಂಡ ಬೇಡ, ಪಾಲಿಕೆ ಸುಮ್ಮನಿರಲಿ ಎಂದಲ್ಲ. ಅವರ ಕೆಲಸ ಅವರು ಮಾಡಲೇಬೇಕು.

ಇನ್ನೊಂದು ಮಾತು. ಅವತ್ತು ನಾವು ಚೀಲ ಹಿಡಿದು ಫೋಟೋ ತೆಗೆಸಿಕೊಳ್ಳುವಾಗ, ದಿನವೂ ಆ ರಸ್ತೆ ಗುಡಿಸುವ ತಾಯಿಯೊಬ್ಬರು ಪೊರಕೆ ಹಿಡಿದು ಪಕ್ಕಕ್ಕೆ ಸರಿದು ನಿಂತರು, ಫೋಟೋದಲ್ಲಿ ಅಡ್ಡ ಬರಬಾರದೆಂದು. ಮಾಲೆ ಹಾಕಿದಾಗ ಕಂಡವರನ್ನೆಲ್ಲ ಸ್ವಾಮಿ, ಮಾತಾ ಎನ್ನುತ್ತೇವೆ. ಅವರನ್ನು ನಾವು ಯಾರೂ ಮಾತನಾಡಿಸಿರಲಿಲ್ಲ. ಸನ್ನಿಧಾನದಲ್ಲಿ ಬರೆದಿರುವ 'ತತ್ತ್ವಮಸಿ' ಅವರಿಗೂ ಸಲ್ಲುತ್ತದಲ್ಲವೇ?

ಈ ಸಲ ಪಡಿಪೂಜೆಯ ಹೂವು ನಮ್ಮ ಗಿಡದ ಬುಡಕ್ಕೆ. ಇರುಮುಡಿಯಲ್ಲಿ ಪ್ಲಾಸ್ಟಿಕ್ ಇಲ್ಲ. ಮಾಲೆ ತೆಗೆದ ಮೇಲೂ ಈ ವ್ರತ ಉಳಿದರೆ ಯಾತ್ರೆ ಸಾರ್ಥಕ.

ಸ್ವಾಮಿ ಶರಣಂ 🙏